ಪ್ರಕಟನೆಯನ್ನು ಹೆದರದೆ ಓದುವ ಸೂತ್ರಗಳು

ಆಧಾರ್ ನೋಂದಣಿ ನಮ್ಮ ಓಣಿಗೆ ಬಂದ ವರ್ಷ ನಮ್ಮ ಗೃಹಕೂಟದ ಆಯಿಯೊಬ್ಬರು ಬೆರಳಚ್ಚು ಕೊಡಲು ಒಪ್ಪಲೇ ಇಲ್ಲ. “ಅದು ಮೃಗದ ಗುರುತಂತರೀ ಮಾಸ್ತರ. ಕೊಟ್ರ ಪರಲೋಕ ಇಲ್ಲಂತ” ಎಂದರು. ಯಾರದೋ ಪ್ರಸಂಗದ ತುಣುಕನ್ನು ಮೊಬೈಲಿನಲ್ಲಿ ಕೇಳಿ ಎರಡು ವಾರ ನಿದ್ದೆಗೆಟ್ಟಿದ್ದರು. ವಿಧವಾ ವೇತನ ನಿಂತರೂ ಸರಿ, ಕೈ ಚಾಚುವುದಿಲ್ಲ ಎಂಬ ಹಟ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದ ನನಗೆ ಆ ಸಂಜೆ ಅವರಿಗೆ ಹೇಳಲು ಒಂದು ನೆಟ್ಟಗಿನ ಮಾತು ಸಿಗಲಿಲ್ಲ. ರೋಮಿನ ಚಕ್ರವರ್ತಿಗಳನ್ನು ವಾರವಿಡೀ ಪಾಠ ಮಾಡಿದ್ದೆ, ಸತ್ಯವೇದದ ಕೊನೆಯ ಪುಸ್ತಕವಾದ ಪ್ರಕಟನೆಯನ್ನು ಭಾನುವಾರ ಓದಿದ್ದೆ. ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ನೋಡಿರಲಿಲ್ಲ.

ಆಮೇಲೆ ನೋಡಿದೆ. ಕಡೇ ದಿನಗಳ ಪ್ರವಾದನೆಯನ್ನು ಸರಿಯಾಗಿ ಓದಬೇಕೆನ್ನುವವರಿಗೆ, ಅದರಲ್ಲೂ ಕೂಟಗಳಲ್ಲಿ ಓದಿ ಹೇಳುವ ಹೊಣೆ ಹೊತ್ತವರಿಗೆ, ನಾನು ಕಲಿತದ್ದನ್ನು ಇಲ್ಲಿ ಸೂತ್ರಗಳಾಗಿ ಬರೆದಿದ್ದೇನೆ.

1. ಮೊದಲು ವಿಳಾಸ ಓದಿ

ಪ್ರಕಟನೆ ಒಂದು ಪತ್ರ. ಅದಕ್ಕೆ ವಿಳಾಸವಿದೆ: ಎಫೆಸ, ಸ್ಮುರ್ನ, ಪೆರ್ಗಮ, ಥುವತೈರ, ಸಾರ್ದಿಸ್, ಫಿಲದೆಲ್ಫಿಯ, ಲವೊದಿಕೀಯ. ಏಳೂ ಇಂದಿನ ಟರ್ಕಿಯ ಪಶ್ಚಿಮ ಭಾಗದ ಊರುಗಳು. ನಕ್ಷೆ ತೆಗೆದು ಇದೇ ಕ್ರಮದಲ್ಲಿ ಬೆರಳಾಡಿಸಿ. ಎಫೆಸದಿಂದ ಉತ್ತರಕ್ಕೆ ಏರಿ, ಪೆರ್ಗಮದಲ್ಲಿ ತಿರುಗಿ, ಒಳನಾಡಿನ ದಾರಿಯಲ್ಲಿ ಲವೊದಿಕೀಯಕ್ಕೆ ಇಳಿಯುತ್ತದೆ. ಪತ್ರ ಹೊತ್ತವನು ನಡೆದು ಮುಟ್ಟಿಸುವ ದಾರಿ ಅದು.

ವಿಳಾಸ ಗೊತ್ತಾದ ಕೂಡಲೇ ಮಾತು ಬೆಳಗುತ್ತದೆ. ಲವೊದಿಕೀಯದವರಿಗೆ ‘ನೀನು ಬಿಸಿಯೂ ಅಲ್ಲ, ತಣ್ಣಗೂ ಅಲ್ಲ’ ಎಂಬ ಆಕ್ಷೇಪಣೆ ಬರುತ್ತದಲ್ಲ, ಬಿಸಿ ಎಂದರೆ ಭಕ್ತಿ, ತಣ್ಣಗೆ ಎಂದರೆ ನಾಸ್ತಿಕತೆ ಎಂದು ಚಿಕ್ಕಂದಿನಿಂದ ಕೇಳಿದ್ದೆ. ಹಾಗಾದರೆ ಕರ್ತನು ತಣ್ಣಗಿದ್ದರೂ ಒಳ್ಳೆಯದಿತ್ತು ಎಂದು ಹೇಳಿದ್ದೇಕೆ? ಉತ್ತರ ಆ ಊರಿನ ನೀರಿನಲ್ಲಿದೆ. ನೆರೆಯ ಹಿಯರಾಪೊಲಿಸ್‌ನಲ್ಲಿ, ಅಂದರೆ ಇಂದಿನ ಪಾಮುಕ್ಕಲೆಯಲ್ಲಿ, ಬಿಸಿನೀರಿನ ಬುಗ್ಗೆಗಳು. ಮೈನೋವಿಗೆ ಅದೇ ಮದ್ದು. ಇನ್ನೊಂದು ಕಡೆಯ ಕೊಲೊಸ್ಸೆಯಲ್ಲಿ ಬೆಟ್ಟದಿಂದ ಇಳಿದು ಬರುವ ತಣ್ಣೀರು, ದಣಿದವನಿಗೆ ಅದೇ ಸುಖ. ಲವೊದಿಕೀಯಕ್ಕೆ ಕಲ್ಲಿನ ಕೊಳವೆಗಳಲ್ಲಿ ದೂರದಿಂದ ಬರುತ್ತಿದ್ದ ನೀರು ಸುಣ್ಣ ತುಂಬಿದ್ದು. ಸುಣ್ಣ ಗಟ್ಟಿಯಾಗಿ ಕಟ್ಟಿಕೊಂಡ ಆ ಕೊಳವೆಗಳು ಅಗೆತದಲ್ಲಿ ಸಿಕ್ಕಿವೆ. ಬಿಸಿಯೂ ಒಳ್ಳೆಯದು, ತಣ್ಣಗೂ ಒಳ್ಳೆಯದು. ಉಗುರುಬೆಚ್ಚಗಿನ ಸುಣ್ಣದ ನೀರು ಮಾತ್ರ ಯಾವ ಕೆಲಸಕ್ಕೂ ಬಾರದು. ಕ್ರಿ.ಶ. 60ರ ಭೂಕಂಪದಲ್ಲಿ ಊರು ನೆಲಕ್ಕುರುಳಿದಾಗ ಅಲ್ಲಿಯವರು ರೋಮಿನ ಸಹಾಯವಿಲ್ಲದೆ ಸ್ವಂತ ಹಣದಲ್ಲಿ ಕಟ್ಟಿಕೊಂಡರೆಂದು ಇತಿಹಾಸಕಾರ ಟಾಸಿಟಸ್ ಬರೆದಿದ್ದಾನೆ. ನಮಗೆ ಏನೂ ಕೊರತೆಯಿಲ್ಲ ಎಂಬ ಅವರ ಮಾತು ಎಲ್ಲಿಂದ ಬಂತೆಂದು ಈಗ ತಿಳಿಯುತ್ತದೆ. ಕಪ್ಪು ಉಣ್ಣೆಗೆ ಹೆಸರಾದ ಆ ಊರಿಗೆ ಬಿಳೀ ಬಟ್ಟೆ ಕೊಂಡುಕೋ ಎಂದು ಹೇಳುವ ಮಾತು ಎಲ್ಲಿ ತಾಗುತ್ತದೆ ಎಂಬುದೂ.

ಸಾರ್ದಿಸ್‌ಗೆ ಬಂದ ಎಚ್ಚರಿಕೆ ‘ಕಳ್ಳನಂತೆ ಬರುವೆನು’ ಎಂದು. ಕಡಿದಾದ ಬಂಡೆಯ ಮೇಲಿನ ಆ ಕೋಟೆ ಎರಡು ಸಲ ಬಿದ್ದದ್ದೂ ಕಾವಲಿಲ್ಲದ ಗೋಡೆಯನ್ನು ಶತ್ರು ಹತ್ತಿದ್ದರಿಂದ: ಕ್ರಿ.ಪೂ. 546ರ ಸುಮಾರಿಗೆ ಪಾರಸಿಯ ಕೋರೆಷನ ಕೈಗೆ, ಕ್ರಿ.ಪೂ. 214ರಲ್ಲಿ ಮೂರನೆಯ ಅಂತಿಯೋಕನ ಕೈಗೆ. ಆ ಊರಿನ ಮಗುವಿಗೂ ಈ ಕಥೆ ಗೊತ್ತಿದ್ದಿರಬೇಕು.

2. ಬರೆದ ಕಾಲವನ್ನು ಕೇಳಿ, ಎರಡೂ ಉತ್ತರ ಇಟ್ಟುಕೊಳ್ಳಿ

ಎರಡನೆಯ ಶತಮಾನದ ಐರೇನಿಯಸ್ ಈ ದರ್ಶನ ರೋಮಿನ ಚಕ್ರವರ್ತಿ ದೊಮಿತಿಯನ್ ಆಳ್ವಿಕೆಯ ಕೊನೆಗೆ, ಅಂದರೆ 95ರ ಸುಮಾರಿಗೆ, ಕಂಡದ್ದೆಂದು ಹೇಳುತ್ತಾನೆ. ಹೆಚ್ಚಿನ ವಿದ್ವಾಂಸರು ಇದನ್ನೇ ಒಪ್ಪುತ್ತಾರೆ. ನೀರೋ 68ರಲ್ಲಿ ಸತ್ತ ಆಸುಪಾಸಿನಲ್ಲಿ, ಯೆರೂಸಲೇಮಿನ ದೇವಾಲಯ ಬೀಳುವ ಮೊದಲೇ ಬರೆದದ್ದು ಎನ್ನುವವರೂ ಇದ್ದಾರೆ. ಅವರ ವಾದವೂ ಗಟ್ಟಿಯಾದದ್ದೇ. ನಾನು ಮೊದಲನೆಯದರ ಕಡೆ ವಾಲುತ್ತೇನೆ, ಕಾರಣ ಎಫೆಸ. ಅಲ್ಲಿ 89-90ರಲ್ಲಿ ದೊಮಿತಿಯನ್ ಮನೆತನದ ಚಕ್ರವರ್ತಿಗಳಿಗಾಗಿಯೇ ಗುಡಿಯೊಂದು ಎದ್ದಿತು. ಅಲ್ಲಿ ಸಿಕ್ಕ ಭಾರಿ ಪ್ರತಿಮೆಯ ತಲೆ, ತೋಳು ಇವತ್ತಿಗೂ ವಸ್ತುಸಂಗ್ರಹಾಲಯದಲ್ಲಿವೆ. ಮೃಗದ ವಿಗ್ರಹಕ್ಕೆ ಅಡ್ಡಬೀಳು ಎಂಬ ಮಾತು ಅಲ್ಲಿಯ ಬಡಗಿಗೆ, ನೇಕಾರನಿಗೆ ಬೀದಿಯ ತಿರುವಿನಲ್ಲೇ ನಿಂತಿತ್ತು.

ಎರಡರಲ್ಲಿ ಯಾವ ಕಾಲವನ್ನು ಒಪ್ಪಿದರೂ ಒಂದು ಮಾತು ಮಾತ್ರ ಬದಲಾಗದು. ಮೊದಲ ಕೇಳುಗರು ರೋಮಿನ ಕೆಳಗೆ ಬಾಳುತ್ತಿದ್ದ ಸಣ್ಣ ಜನ.

3. ಚಿತ್ರವನ್ನು ಚಿತ್ರವೆಂದೇ ನೋಡಿ

ನಮ್ಮ ಕರ್ನಾಟಕ ಸರ್ಕಾರದ ಲಾಂಛನದಲ್ಲಿ ಗಂಡಭೇರುಂಡವಿದೆ. ಎರಡು ತಲೆಯ ಆ ಹಕ್ಕಿಯನ್ನು ಯಾರೂ ಬಂಡೀಪುರದ ಕಾಡಿನಲ್ಲಿ ಹುಡುಕಲು ಹೋಗುವುದಿಲ್ಲ. ಏಳು ತಲೆಯ ಮೃಗ, ಕೆಂಪು ಘಟಸರ್ಪ, ಹತ್ತು ಕೊಂಬು ಇವೆಲ್ಲ ರಾಜ್ಯಗಳ, ಅಧಿಕಾರಗಳ ಚಿತ್ರಗಳು. ದರ್ಶನ ಸಾಹಿತ್ಯ ಎಂಬ ಪ್ರಕಾರವೇ ಆ ಕಾಲದ ಯೆಹೂದ್ಯರಲ್ಲಿತ್ತು. ಹನೋಕನ ಪುಸ್ತಕ, ಎಜ್ರನ ನಾಲ್ಕನೆಯ ಪುಸ್ತಕ, ಬಾರೂಕನ ಎರಡನೆಯ ಪುಸ್ತಕ ಇವುಗಳಲ್ಲಿಯೂ ಮೃಗಗಳು, ಹದ್ದುಗಳು, ದೂತರು ಇದ್ದಾರೆ. ಒಂದೆರಡನ್ನಾದರೂ ಓದಿ ನೋಡಿ, ಭಾಷೆ ಪರಿಚಿತವಾಗುತ್ತದೆ.

4. ದಾನಿಯೇಲನ ಮೂಲಕ ಒಳಗೆ ಹೋಗಿ

ಪ್ರಕಟನೆಯ 404 ವಚನಗಳಲ್ಲಿ ಹಳೆಯ ಒಡಂಬಡಿಕೆಯ ನೆರಳು ಬೀಳದ ಪುಟವಿಲ್ಲ, ಅದರಲ್ಲೂ ದಾನಿಯೇಲನದು. ಆದ್ದರಿಂದ ಮೊದಲು ದಾನಿಯೇಲ. ಅಲ್ಲಿ 8ನೆಯ ಅಧ್ಯಾಯದಲ್ಲಿ ಟಗರು ಯಾರು, ಹೋತ ಯಾರು ಎಂದು ಪುಸ್ತಕವೇ ಹೇಳಿಬಿಡುತ್ತದೆ: ಮೇದ್ಯ ಪಾರಸಿಯರ ರಾಜರು, ಗ್ರೀಕರ ರಾಜ. ಹೋತದ ದೊಡ್ಡ ಕೊಂಬು ಮುರಿದು ನಾಲ್ಕು ಕೊಂಬು ಹುಟ್ಟುತ್ತವೆ. ಕ್ರಿ.ಪೂ. 323ರಲ್ಲಿ ಅಲೆಕ್ಸಾಂಡರ್ ಸತ್ತ ಮೇಲೆ ರಾಜ್ಯ ಸೇನಾಪತಿಗಳ ನಡುವೆ ಹರಿದು ಹಂಚಿಹೋಯಿತು. ಇಂಥ ಕಡೆ ನಾವು ಹೊಸ ಅರ್ಥ ಹುಡುಕಬೇಕಾಗಿಲ್ಲ.

11ನೆಯ ಅಧ್ಯಾಯವನ್ನು ಗ್ರೀಕ್ ಇತಿಹಾಸ ಪಕ್ಕಕ್ಕಿಟ್ಟುಕೊಂಡು ಓದಿದ ರಾತ್ರಿ ನನಗೆ ಮರೆಯದು. ಉತ್ತರದ ರಾಜ ಸಿರಿಯದ ಸೆಲ್ಯೂಕಿಡ್ ಮನೆತನ, ದಕ್ಷಿಣದ ರಾಜ ಐಗುಪ್ತದ ಟಾಲೆಮಿ ಮನೆತನ. ಮದುವೆಗಳು, ಮೋಸಗಳು, ದಂಡಯಾತ್ರೆಗಳು ಸಾಲಿಗೆ ಸಾಲು ಹೊಂದುತ್ತವೆ. 30ನೆಯ ವಚನದಲ್ಲಿ ಕಿತ್ತೀಮಿನ ಹಡಗುಗಳು ಬಂದು ಉತ್ತರದ ರಾಜನ ಎದೆ ಕುಗ್ಗುತ್ತದೆ. ಕ್ರಿ.ಪೂ. 168ರಲ್ಲಿ ನಡೆದದ್ದು ಇದು: ನಾಲ್ಕನೆಯ ಅಂತಿಯೋಕ ಐಗುಪ್ತವನ್ನು ಗೆದ್ದೇಬಿಟ್ಟೆ ಎಂದುಕೊಂಡು ಅಲೆಕ್ಸಾಂಡ್ರಿಯದ ಹೊರಗೆ ನಿಂತಿದ್ದಾಗ ರೋಮಿನ ರಾಯಭಾರಿ ಪೊಪಿಲಿಯಸ್ ಲೈನಸ್ ಎದುರಿಗೆ ಬಂದ. ಸೈನ್ಯ ಹಿಂತೆಗೆದುಕೋ ಎಂಬ ರೋಮಿನ ಆಜ್ಞೆ ಕೈಗೆ ಕೊಟ್ಟ. ಯೋಚಿಸಿ ಹೇಳುತ್ತೇನೆಂದ ರಾಜನ ಸುತ್ತ ತನ್ನ ಕೋಲಿನಿಂದ ಮಣ್ಣಿನಲ್ಲಿ ಗೆರೆ ಎಳೆದ. ಗೆರೆ ದಾಟುವ ಮೊದಲು ಉತ್ತರ ಬೇಕು. ರಾಜ ತಲೆಬಾಗಿ ಹಿಂದಿರುಗಿದ. ಮರುವರ್ಷ ಆ ಸಿಟ್ಟು ಯೆರೂಸಲೇಮಿನ ಮೇಲೆ ಎರಗಿತು. ಕ್ರಿ.ಪೂ. 167ರಲ್ಲಿ ದೇವಾಲಯದ ಯಜ್ಞವೇದಿಯ ಮೇಲೆ ಅನ್ಯದೇವತೆಯ ವೇದಿ ಎದ್ದಿತು. ಹಾಳುಮಾಡುವ ಅಸಹ್ಯ ವಸ್ತು ಎಂಬ ದಾನಿಯೇಲನ ಮಾತನ್ನೇ ಮಕ್ಕಬಿಯರ ಮೊದಲನೆಯ ಪುಸ್ತಕ ಇದಕ್ಕೆ ಬಳಸುತ್ತದೆ. ಮೂರು ವರ್ಷದ ಮೇಲೆ, ಕ್ರಿ.ಪೂ. 164ರಲ್ಲಿ, ದೇವಾಲಯ ಶುದ್ಧವಾಯಿತು. ಯೆಹೂದ್ಯರು ಇಂದಿಗೂ ಹನುಕ್ಕಾ ಹಬ್ಬದಲ್ಲಿ ದೀಪ ಹಚ್ಚುವುದು ಅದರ ನೆನಪಿಗೆ.

ಇದು ಮುಂಚೆಯೇ ನುಡಿದದ್ದೋ, ಆ ಸಂಕಟದ ನಡುವೆಯೇ ಬರೆದದ್ದೋ ಎಂಬ ಜಗಳ ಮೂರನೆಯ ಶತಮಾನದ ತತ್ವಜ್ಞಾನಿ ಪಾರ್ಫಿರಿಯ ಕಾಲದಿಂದ ಇದೆ. ಅವನಿಗೆ ಉತ್ತರ ಬರೆದ ಸಂತ ಜೆರೋಮ್ ಕೂಡ ಈ ಅಧ್ಯಾಯದ ಮೊದಲ ಭಾಗ ಸೆಲ್ಯೂಕಿಡ್, ಟಾಲೆಮಿ ರಾಜರ ಇತಿಹಾಸಕ್ಕೆ ಹೊಂದುತ್ತದೆಂದು ಒಪ್ಪಿಕೊಂಡ. ಉತ್ತರದ ರಾಜ ರಷ್ಯ ಎಂದು ಈಗಲೂ ಪ್ರಸಂಗ ಮಾಡುವವರು ಆ ಜೆರೋಮನನ್ನಾದರೂ ಓದಲಿ ಎಂದು ನನ್ನ ಬೇಡಿಕೆ.

5. ಮೃಗದ ಸಂಖ್ಯೆ 666 ಎಂಬುದನ್ನು ಕಟಪಯಾದಿಯಂತೆ ಲೆಕ್ಕ ಹಾಕಿ

ಸಂಗೀತ ಬಲ್ಲವರಿಗೆ ಇದು ಸುಲಭ. ಮೇಚಕಲ್ಯಾಣಿ ಎಂದ ಕೂಡಲೇ ಮ ಎಂದರೆ 5, ಚ ಎಂದರೆ 6, ತಿರುಗಿಸಿದರೆ 65ನೆಯ ಮೇಳ. ಅಕ್ಷರವೇ ಅಂಕಿ. ಹೀಬ್ರೂ, ಗ್ರೀಕ್ ಬರಹದಲ್ಲಿ ಅಂಕಿಗೆ ಬೇರೆ ಗುರುತೇ ಇರಲಿಲ್ಲ, ಅಕ್ಷರಗಳೇ ಅಂಕಿಗಳು. ಹೆಸರನ್ನು ಸಂಖ್ಯೆಯಲ್ಲಿ ಬಚ್ಚಿಡುವುದು ಬೀದಿಯ ಆಟವಾಗಿತ್ತು. 79ರಲ್ಲಿ ಬೂದಿಯಡಿ ಮುಚ್ಚಿಹೋದ ಪೊಂಪೆಯ ಗೋಡೆಯ ಮೇಲೆ ಒಬ್ಬ ಪ್ರೇಮಿ ತನ್ನವಳ ಹೆಸರು ಹೇಳದೆ ಅವಳ ಸಂಖ್ಯೆ 545 ಎಂದಷ್ಟೇ ಗೀಚಿದ್ದಾನೆ.

ಈಗ ನೀರೋ ಕೈಸರ್ ಎಂಬುದನ್ನು ಹೀಬ್ರೂ ಅಕ್ಷರಗಳಲ್ಲಿ ಬರೆಯಿರಿ: ನೂನ್ 50, ರೇಶ್ 200, ವಾವ್ 6, ನೂನ್ 50, ಕೋಫ್ 100, ಸಾಮೆಖ್ 60, ರೇಶ್ 200. ಕೂಡಿಸಿ, 666. ಇದು ಕಾಕತಾಳೀಯ ಎನ್ನುವವರಿಗೆ ಇನ್ನೊಂದು ಸಾಕ್ಷಿ. ಕೆಲವು ಹಳೆಯ ಪ್ರತಿಗಳಲ್ಲಿ 666ರ ಬದಲು 616 ಇದೆ. ಐರೇನಿಯಸ್‌ಗೆ ಇದು ಗೊತ್ತಿತ್ತು, ಅವನು ತಪ್ಪು ಪಾಠವೆಂದ. ಐಗುಪ್ತದ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪುರಾತನ ಪಪೈರಸ್ ತುಂಡಿನಲ್ಲಿಯೂ 616 ಇದೆ. ಗ್ರೀಕರು ನೀರೋನ್ ಎನ್ನುತ್ತಿದ್ದ ಹೆಸರನ್ನು ಲ್ಯಾಟಿನ್ ರೂಢಿಯಂತೆ ನೀರೋ ಎಂದರೆ ಕೊನೆಯ ನೂನ್ ಬಿದ್ದುಹೋಗುತ್ತದೆ. 666ರಲ್ಲಿ 50 ಕಳೆದರೆ 616. ಎರಡು ಸಂಖ್ಯೆಗೂ ಒಂದೇ ಹೆಸರು ಹೊಂದುತ್ತದೆ.

ನೀರೋ ಸತ್ತ ಮೇಲೂ ಅವನು ಬದುಕಿದ್ದಾನೆ, ಯೂಫ್ರೆಟಿಸ್ ಆಚೆಯ ಪಾರ್ಥಿಯರ ದಂಡು ಕಟ್ಟಿಕೊಂಡು ಮರಳುತ್ತಾನೆ ಎಂಬ ವದಂತಿ ಪೂರ್ವದ ಪ್ರಾಂತ್ಯಗಳಲ್ಲಿ ಹರಡಿತ್ತು. ತಾನೇ ನೀರೋ ಎಂದುಕೊಂಡು ಎದ್ದ ಮೋಸಗಾರರೂ ಇದ್ದರು. ಗಾಯ ವಾಸಿಯಾಗಿ ಮರಳುವ ಮೃಗದ ತಲೆ ಮೊದಲ ಕೇಳುಗರಿಗೆ ಯಾರನ್ನು ನೆನಪಿಸಿರಬೇಕು, ನೀವೇ ಹೇಳಿ.

ಮೃಗದ ಗುರುತಿನ ವಿಷಯಕ್ಕೆ ಬರೋಣ. 112ರ ಸುಮಾರಿಗೆ, ಏಳು ಸಭೆಗಳ ನೆರೆಯ ಪ್ರಾಂತ್ಯ ಬಿಥುನ್ಯದ ಅಧಿಪತಿ ಕಿರಿಯ ಪ್ಲಿನಿ ಚಕ್ರವರ್ತಿ ಟ್ರಾಜನ್‌ಗೆ ಪತ್ರ ಬರೆದ. ಕ್ರೈಸ್ತರೆಂದು ಸಿಕ್ಕಿಬಿದ್ದವರನ್ನು ಚಕ್ರವರ್ತಿಯ ವಿಗ್ರಹದ ಮುಂದೆ ನಿಲ್ಲಿಸಿ ಧೂಪ ಹಾಕಲು, ದ್ರಾಕ್ಷಾರಸ ಅರ್ಪಿಸಲು, ಕ್ರಿಸ್ತನನ್ನು ಶಪಿಸಲು ಹೇಳುತ್ತಾನಂತೆ. ಮಾಡಿದವರಿಗೆ ಬಿಡುಗಡೆ, ಮಾಡದವರಿಗೆ ಮರಣ. ಯಾರಿಗೆ ನಿನ್ನ ಆರಾಧನೆ ಎಂಬ ಪ್ರಶ್ನೆಯೇ ಆ ಗುರುತು. ಪಡಿತರಕ್ಕೋ ಪಿಂಚಣಿಗೋ ಕೊಡುವ ಬೆರಳಚ್ಚಿಗೆ ಅಲ್ಲಿ ಜಾಗವಿಲ್ಲ. ಇನ್ನೊಂದು ಗುರುತನ್ನು ನಾವು ಮರೆತೇಬಿಟ್ಟಿದ್ದೇವೆ. 13ನೆಯ ಅಧ್ಯಾಯ 666ರಲ್ಲಿ ಮುಗಿಯುತ್ತದೆ. ಮರುವಚನವೇ, 14ನೆಯ ಅಧ್ಯಾಯದ ಮೊದಲನೆಯದು, ಹಣೆಯ ಮೇಲೆ ಕುರಿಮರಿಯ ಹೆಸರೂ ಆತನ ತಂದೆಯ ಹೆಸರೂ ಬರೆದಿರುವವರನ್ನು ತೋರಿಸುತ್ತದೆ. ನಡುವಿನ ಅಧ್ಯಾಯದ ಗೆರೆ 13ನೆಯ ಶತಮಾನದಲ್ಲಿ ಹಾಕಿದ್ದು. ಪ್ರಕಟನೆ ಬರೆದ ಯೋಹಾನನ ಕೇಳುಗರು ಎರಡನ್ನೂ ಒಂದೇ ಉಸಿರಿನಲ್ಲಿ ಕೇಳಿದರು. ಆಯಿಗೆ ಆ ಸಂಜೆ ನಾನು ಹೇಳಬೇಕಾಗಿದ್ದ ಮಾತು ಇದೇ.

6. ಕ್ರಿಸ್ತವಿರೋಧಿ ಎಂಬ ಪದ ಎಲ್ಲಿದೆ ಎಂದು ನೋಡಿ

ಪ್ರಕಟನೆಯಲ್ಲಿ ಇಲ್ಲ. ದಾನಿಯೇಲನಲ್ಲಿಯೂ ಇಲ್ಲ. ಯೋಹಾನನ ಒಂದನೆಯ, ಎರಡನೆಯ ಪತ್ರಗಳಲ್ಲಿ ಮಾತ್ರ ಇದೆ, ಅಲ್ಲಿಯೂ ಬಹುವಚನ ಬರುತ್ತದೆ.

7. ಒಲೀವ್ ಬೆಟ್ಟದ ಮಾತನ್ನು ಕ್ರಿ.ಶ. 70ರ ಬೂದಿಯಲ್ಲಿ ನಿಂತು ಕೇಳಿ

ಮಾರ್ಕ 13, ಮತ್ತಾಯ 24, ಲೂಕ 21. ಮಾತು ಶುರುವಾಗುವುದೇ ದೇವಾಲಯದ ಕಲ್ಲುಗಳಿಂದ. ಕಲ್ಲಿನ ಮೇಲೆ ಕಲ್ಲು ನಿಲ್ಲದು ಎಂದು ಯೇಸು ಹೇಳಿದಾಗ ಶಿಷ್ಯರು ಕೇಳಿದ ಮೊದಲ ಪ್ರಶ್ನೆ ಅದು ಯಾವಾಗ ಎಂದು. ಸುಮಾರು ನಲವತ್ತು ವರ್ಷದ ಮೇಲೆ, 70ರ ಆಗಸ್ಟ್‌ನಲ್ಲಿ, ರೋಮಿನ ಸೇನಾಪತಿ ತೀತನ ಸೈನ್ಯ ದೇವಾಲಯವನ್ನು ಸುಟ್ಟಿತು. ಮುತ್ತಿಗೆಯ ಹಸಿವು, ಒಳಗೇ ಹೊಡೆದಾಡಿಕೊಂಡ ಪಂಗಡಗಳು, ಸುಳ್ಳು ಪ್ರವಾದಿಗಳು ಎಲ್ಲವನ್ನೂ ಆ ಯುದ್ಧಕ್ಕೆ ಸಾಕ್ಷಿಯಾಗಿದ್ದ ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಬರೆದಿಟ್ಟಿದ್ದಾನೆ. ಪಶ್ಚಿಮ ಗೋಡೆಯ ದಕ್ಷಿಣ ತುದಿಯಲ್ಲಿ, ಹೆರೋದನ ಕಾಲದ ಬೀದಿಯ ಹಾಸುಗಲ್ಲಿನ ಮೇಲೆ, ಮೇಲಿನಿಂದ ಉರುಳಿಸಿದ ಬಂಡೆಗಳು ಬಿದ್ದ ಜಾಗದಲ್ಲೇ ಇವೆ. ರೋಮಿನಲ್ಲಿ ತೀತನ ಕಮಾನಿನ ಒಳಗೋಡೆಯಲ್ಲಿ ಸೈನಿಕರು ದೇವಾಲಯದ ಏಳು ಕವಲಿನ ದೀಪಸ್ತಂಭವನ್ನು ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದಾರೆ.

ಅದಕ್ಕೂ ಮೊದಲು, 40ರಲ್ಲಿ, ಚಕ್ರವರ್ತಿ ಕಲಿಗುಲ ತನ್ನ ಪ್ರತಿಮೆಯನ್ನು ಆ ದೇವಾಲಯದಲ್ಲಿ ನಿಲ್ಲಿಸಲು ಹೊರಟಿದ್ದ. ಸಿರಿಯದ ಅಧಿಪತಿ ಪೆತ್ರೋನಿಯಸ್ ಬೇಕೆಂದೇ ತಡಮಾಡಿದ. 41ರ ಜನವರಿಯಲ್ಲಿ ಕಲಿಗುಲ ಕೊಲೆಯಾದದ್ದರಿಂದ ಅದು ತಪ್ಪಿತು. ಅಸಹ್ಯ ವಸ್ತು ಎಂಬ ಮಾತು ಆ ತಲೆಮಾರಿನ ಜನರ ಎದೆಯಲ್ಲಿ ಎಷ್ಟು ಹಸಿಯಾಗಿತ್ತೆಂದು ಇದರಿಂದ ಊಹಿಸಬಹುದು. ಮಾರ್ಕ ಅಸಹ್ಯ ವಸ್ತುವನ್ನು ಹೇಳುವ ಜಾಗದಲ್ಲಿ ಲೂಕ ದಂಡುಗಳು ಯೆರೂಸಲೇಮನ್ನು ಸುತ್ತಿಕೊಂಡಿರುವುದನ್ನು ಹೇಳುತ್ತಾನೆ. ಯೆರೂಸಲೇಮಿನ ಕ್ರೈಸ್ತರು ಯೊರ್ದನಿನ ಆಚೆಯ ಪೆಲ್ಲಕ್ಕೆ ಓಡಿ ಬದುಕಿಕೊಂಡರೆಂದು ಯೂಸೀಬಿಯಸ್ ಬರೆಯುತ್ತಾನೆ. ಬೆಟ್ಟಗಳಿಗೆ ಓಡಿರಿ ಎಂಬುದು ಅವರಿಗೆ ಪ್ರಾಣ ಉಳಿಸುವ ಸೂಚನೆಯಾಗಿತ್ತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಲೇಬೇಕು. ಈ ನಾಶವನ್ನು ಯೆಹೂದ್ಯರಿಗೆ ತಕ್ಕ ಶಾಸ್ತಿ ಎಂದು ಸಾರಿದ ಪ್ರಸಂಗಗಳು ಯೂರೋಪಿನಲ್ಲಿ ಶತಮಾನಗಟ್ಟಲೆ ರಕ್ತ ಹರಿಸಿವೆ. ಯೇಸು ಆ ಪಟ್ಟಣವನ್ನು ನೋಡಿ ಅತ್ತನೆಂದು ಲೂಕ ಬರೆಯುತ್ತಾನೆ. ಈ ಅಧ್ಯಾಯವನ್ನು ಓದುವವನ ದನಿಯಲ್ಲಿ ಆ ಅಳು ಇಲ್ಲದಿದ್ದರೆ ಓದುವುದೇ ಬೇಡ.

8. ಬಾಬೆಲಿನ ಸರಕಿನ ಪಟ್ಟಿಯನ್ನು ನಿಧಾನವಾಗಿ ಓದಿ

1991ರ ಕೊಲ್ಲಿ ಯುದ್ಧದಲ್ಲಿ ಬಾಬೆಲ್ ಎಂದರೆ ಇರಾಕ್ ಎಂದು ನಾನೇ ನಂಬಿದ್ದೆ. ಆದರೆ 17ನೆಯ ಅಧ್ಯಾಯ ಬಾಬೆಲ್ ಎಂಬ ಸ್ತ್ರೀಯನ್ನು ಏಳು ಬೆಟ್ಟಗಳ ಮೇಲೆ ಕೂರಿಸುತ್ತದೆ. 71ರಲ್ಲಿ ಚಕ್ರವರ್ತಿ ವೆಸ್ಪಾಸಿಯನ್ ಹೊರಡಿಸಿದ ನಾಣ್ಯದಲ್ಲಿ ರೋಮಾ ದೇವಿ ಏಳು ಬೆಟ್ಟಗಳ ಮೇಲೆ ಕುಳಿತಿದ್ದಾಳೆ. ಮೊದಲನೆಯ ದೇವಾಲಯವನ್ನು ಸುಟ್ಟವನು ಬಾಬೆಲಿನ ಅರಸ, ಎರಡನೆಯದನ್ನು ಸುಟ್ಟದ್ದು ರೋಮ್. 70ರ ನಂತರದ ಯೆಹೂದ್ಯ ಬರಹಗಳು ರೋಮನ್ನು ಬಾಬೆಲ್ ಎಂದೇ ಕರೆದವು.

18ನೆಯ ಅಧ್ಯಾಯದಲ್ಲಿ ವರ್ತಕರು ಗೋಳಾಡುವಾಗ 28 ಸರಕುಗಳ ಪಟ್ಟಿ ಬರುತ್ತದೆ. ಮುತ್ತು, ದಂತ, ರೇಷ್ಮೆ, ದಾಲ್ಚಿನ್ನಿ, ಸುಗಂಧದ್ರವ್ಯ. ಇವುಗಳಲ್ಲಿ ಹಲವು ನಮ್ಮ ಕಡಲುಗಳ ದಾರಿಯಲ್ಲಿ ಹೋದವು. ಇಂಡಿಯಾ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ನಾಣ್ಯ ಸೆಳೆದುಕೊಳ್ಳುತ್ತಿದೆ ಎಂದು 79ರಲ್ಲಿ ಸತ್ತ ಹಿರಿಯ ಪ್ಲಿನಿ ಕೊರಗಿದ್ದಾನೆ. ಆ ಬೆಳ್ಳಿ ನಮ್ಮ ನೆಲದಲ್ಲೂ ಸಿಕ್ಕಿದೆ: 1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ, ಆಮೇಲೆ ಚಿತ್ರದುರ್ಗದ ಚಂದ್ರವಳ್ಳಿಯ ಅಗೆತದಲ್ಲಿ, ಅಗಸ್ಟಸ್ ಮತ್ತು ತಿಬೇರಿಯಸ್ ಕಾಲದ ರೋಮನ್ ಬೆಳ್ಳಿ ನಾಣ್ಯಗಳು. ಇದು ಯಾರ ಮುಖ ಎಂದು ಯೇಸು ಕೇಳಿದ ನಾಣ್ಯ ತಿಬೇರಿಯಸ್‌ನದೇ ಇರಬೇಕೆಂದು ಹೆಚ್ಚಿನವರ ಎಣಿಕೆ. ಪ್ರಕಟನೆಯ ಲೋಕ ಕನ್ನಡ ನೆಲಕ್ಕೆ ಅಷ್ಟು ಹತ್ತಿರ.

ಪಟ್ಟಿ ಹೇಗೆ ಮುಗಿಯುತ್ತದೆ ನೋಡಿ. ದನ, ಕುರಿ, ಕುದುರೆ, ರಥ, ಕಡೆಗೆ ಮನುಷ್ಯರ ದೇಹ, ಮನುಷ್ಯರ ಪ್ರಾಣ. ಗುಲಾಮರ ಮಾರುಕಟ್ಟೆಯ ಮೇಲೆ ನಿಂತ ಐಶ್ವರ್ಯದ ಮೇಲೆ ಬಂದ ತೀರ್ಪು ಇದು. ಯಾವ ದೇಶವನ್ನು ಬಾಬೆಲ್ ಎನ್ನೋಣ ಎಂದು ಹುಡುಕುವವರು ಸಾಮಾನ್ಯವಾಗಿ ಈ ಪಟ್ಟಿಯನ್ನು ಓದದೆ ದಾಟಿಬಿಡುತ್ತಾರೆ.

9. ಹರ್ಮಗೆದೋನಿಗೆ ನಕ್ಷೆಯಲ್ಲಿ ಹೋಗಿ ಬನ್ನಿ

ಕಡೇ ಯುದ್ಧಕ್ಕೆ ರಾಜರು ಕೂಡುವ ಜಾಗಕ್ಕೆ ಪ್ರಕಟನೆ ಕೊಡುವ ಹೆಸರು ಹರ್ಮಗೆದೋನ್. ಹರ್ ಎಂದರೆ ಬೆಟ್ಟ. ಮೆಗಿದ್ದೋ ಒಂದು ಬಯಲಿನ ಅಂಚಿನ ಹಾಳು ದಿಬ್ಬ, ಅಲ್ಲಿ ಬೆಟ್ಟವಿಲ್ಲ. ಹೆಸರು ಕೇಳಿದ ಕೂಡಲೇ ನೆನಪಾಗುವುದು ಯುದ್ಧ: ಕ್ರಿ.ಪೂ. 1457ರ ಸುಮಾರಿಗೆ ಐಗುಪ್ತದ ಮೂರನೆಯ ಥುತ್ಮೋಸ್ ಗೆದ್ದ ಜಾಗ, ಕ್ರಿ.ಪೂ. 609ರಲ್ಲಿ ಒಳ್ಳೆಯ ಅರಸ ಯೋಷೀಯ ಸತ್ತ ಜಾಗ. 1918ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ಸೇನಾಪತಿ ಆಲೆನ್‌ಬಿ ಗೆದ್ದ ಕದನಕ್ಕೂ ಮೆಗಿದ್ದೋ ಎಂದೇ ಹೆಸರು. ಅದರ ಭಾಗವಾಗಿ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿದವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಸವಾರರಿದ್ದರು. ಹರ್ಮಗೆದೋನ್ ಎಂದು ಹೆದರಿಸುವ ನೆಲದಲ್ಲಿ ಕನ್ನಡ ನಾಡಿನವರು ಕುದುರೆ ಓಡಿಸಿ, ಕೆಲವರು ಅಲ್ಲೇ ಮಣ್ಣಾಗಿ, ಉಳಿದವರು ಊರಿಗೆ ಬಂದು ಬಾಳಿದ್ದಾರೆ. ಇನ್ನೊಂದು ಸಂಗತಿ: ಹರ್ಮಗೆದೋನ್ ಎಂಬ ಹೆಸರು ಸತ್ಯವೇದದಲ್ಲಿ ಬರುವುದು ಒಂದೇ ಒಂದು ಸಲ.

10. ಎದುರುಗೊಳ್ಳುವುದು ಎಂದರೇನೆಂದು ಹಳ್ಳಿಯವರನ್ನು ಕೇಳಿ

ಥೆಸಲೋನಿಕದವರಿಗೆ ಪೌಲ ಬರೆದ ಮೊದಲ ಪತ್ರದ ನಾಲ್ಕನೆಯ ಅಧ್ಯಾಯ: ವಿಶ್ವಾಸಿಗಳು ಮೇಘಗಳಲ್ಲಿ ಎತ್ತಲ್ಪಟ್ಟು ಕರ್ತನನ್ನು ಎದುರುಗೊಳ್ಳುವರು. ಇದರಿಂದ ರ್ಯಾಪ್ಚರ್ ಎಂಬ ಬೋಧನೆ ಬೆಳೆದಿದೆ. ಭೂಮಿಯನ್ನು ಬಿಟ್ಟು ಗುಟ್ಟಾಗಿ ಹೊರಟುಹೋಗುವುದು ಎಂಬ ಅದರ ಈಗಿನ ರೂಪ ಹರಡಿದ್ದು 1830ರ ದಶಕದ ಜಾನ್ ಡಾರ್ಬಿಯಿಂದ, ಮುಂದೆ 1909ರ ಸ್ಕೋಫೀಲ್ಡ್ ಬೈಬಲಿನಿಂದ.

ಪೌಲ ಬಳಸಿದ ಗ್ರೀಕ್ ಪದ ಪಟ್ಟಣಗಳ ಪದ. ರಾಜ ಬರುವಾಗ ಊರ ಹಿರಿಯರು ಹೊರಗೆ ಹೋಗಿ ಅವನನ್ನು ಕಂಡು ಒಳಗೆ ಕರೆತರುತ್ತಿದ್ದರು. ಪೌಲನೇ ಇತಾಲ್ಯಕ್ಕೆ ಬಂದಾಗ ರೋಮಿನ ವಿಶ್ವಾಸಿಗಳು ದಾರಿಗೆ ಬಂದು ಅವನನ್ನು ಹೀಗೆಯೇ ಎದುರುಗೊಂಡರೆಂದು ಅಪೊಸ್ತಲರ ಕೃತ್ಯಗಳು ಇದೇ ಪದದಲ್ಲಿ ಹೇಳುತ್ತದೆ. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕೆ? ಬೀಗರು ಬಂದಾಗ ಊರ ಅಗಸೆಯವರೆಗೆ ಹೋಗಿ ಎದುರುಗೊಳ್ಳುತ್ತೇವೆ. ಎದುರುಗೊಂಡವರು ಬೀಗರ ಜೊತೆ ಅವರ ಊರಿಗೆ ಹೊರಟುಬಿಡುವುದಿಲ್ಲ, ಅವರನ್ನು ಮನೆಗೆ ಕರೆತರುತ್ತಾರೆ. ಎರಡನೆಯ ಬರೋಣ ಎಂಬ ನಮ್ಮ ಸಭೆಗಳ ಮಾತಿನಲ್ಲಿಯೇ ಅರ್ಥ ಇದೆ. ಬರುವವನು ಆತ, ಬರುವುದು ಇಲ್ಲಿಗೆ.

11. ತಪ್ಪಿಹೋದ ಲೆಕ್ಕಗಳ ಪಟ್ಟಿಯೊಂದನ್ನು ಇಟ್ಟುಕೊಳ್ಳಿ

ಎರಡನೆಯ ಶತಮಾನದಲ್ಲಿ ಫ್ರುಗ್ಯದ ಮೊಂಟಾನಸ್‌ನ ಪಂಗಡ ಹೊಸ ಯೆರೂಸಲೇಮ್ ತಮ್ಮೂರಿಗೇ ಇಳಿಯುತ್ತದೆಂದು ಕಾದಿತು. ಯೋವಾಕಿಮ್ ಎಂಬ ಇಟಲಿಯ ಮಠಾಧಿಪತಿಯ ಬರಹ ಓದಿದವರು 1260ನೆಯ ಇಸವಿಗೆ ಕಾದರು. 1534-35ರಲ್ಲಿ ಜರ್ಮನಿಯ ಮ್ಯೂನ್‌ಸ್ಟರ್ ಪಟ್ಟಣವನ್ನೇ ಹೊಸ ಯೆರೂಸಲೇಮ್ ಎಂದು ಸಾರಿದವರ ಕಥೆ ಹಸಿವಿನಲ್ಲಿ, ಕೊಲೆಯಲ್ಲಿ ಮುಗಿಯಿತು. ನಾಯಕರ ಶವಗಳನ್ನು ತೂಗುಹಾಕಿದ ಕಬ್ಬಿಣದ ಪಂಜರಗಳು ಇಂದಿಗೂ ಅಲ್ಲಿಯ ಚರ್ಚಿನ ಗೋಪುರದಲ್ಲಿವೆ. ಅಮೆರಿಕದ ರೈತ ವಿಲಿಯಂ ಮಿಲ್ಲರ್ ದಾನಿಯೇಲನ 2300 ದಿನಗಳನ್ನು ವರ್ಷಗಳೆಂದು ಎಣಿಸಿ, ಕ್ರಿ.ಪೂ. 457ರಿಂದ ಲೆಕ್ಕ ಹಿಡಿದ. ಕಡೆಗೆ ಅವನ ಅನುಯಾಯಿಗಳು 1844ರ ಅಕ್ಟೋಬರ್ 22ಕ್ಕೆ ಕಾದು ಕೂತರು. ಹೊಲದ ಬೆಳೆಯನ್ನು ಕೊಯ್ಯದೆ ಬಿಟ್ಟವರಿದ್ದರು. ಮರುದಿನ ಬೆಳಗಾಯಿತು.

ಇವರು ಯಾರೂ ಕೆಟ್ಟ ಜನರಲ್ಲ. ಹೆಚ್ಚಿನವರು ಪ್ರಾಮಾಣಿಕ ವಿಶ್ವಾಸಿಗಳು. ಆ ದಿನವನ್ನೂ ಆ ಗಳಿಗೆಯನ್ನೂ ಮಗನೂ ಅರಿಯನು ಎಂದು ಮಾರ್ಕ 13ರಲ್ಲೇ ಇದ್ದರೂ ಅವರು ಎಣಿಸಿದರು. ನಿಮ್ಮ ಕೂಟಕ್ಕೆ ಯಾರಾದರೂ ಹೊಸ ದಿನಾಂಕ ಹಿಡಿದು ಬಂದರೆ ಈ ಪಟ್ಟಿಯನ್ನು ಅವರ ಕೈಗೆ ಕೊಡಿ, ಪ್ರೀತಿಯಿಂದ ಕೊಡಿ.

12. ಎಲ್ಲ ಮುಗಿದುಹೋದ ಕಥೆ ಎಂದೂ ಕಟ್ಟಿಡಬೇಡಿ

ಇತಿಹಾಸ ಓದಿದ ಹುರುಪಿನಲ್ಲಿ ನಾನೂ ಕೆಲವು ದಿನ ಹಾಗೆ ಮಾಡಿದ್ದೆ: ಮೃಗ ನೀರೋ, ಬಾಬೆಲ್ ರೋಮ್, ಮುಗಿಯಿತು. ಆದರೆ 21ನೆಯ ಅಧ್ಯಾಯದ ಹೊಸ ಆಕಾಶ ಹೊಸ ಭೂಮಿ 70ರಲ್ಲಿ ಬರಲಿಲ್ಲ. ರೋಮ್ ಬಿದ್ದ ಮೇಲೂ ಬರಲಿಲ್ಲ. ಸತ್ತವರು ಎದ್ದಿಲ್ಲ, ಕಣ್ಣೀರು ನಿಂತಿಲ್ಲ. ನೀರೋವನ್ನು ಗುರುತಿಸಿದವನು ತನ್ನ ಕಾಲದ ಮೃಗವನ್ನೂ ಗುರುತಿಸಬಲ್ಲ. 1930ರ ದಶಕದ ಜರ್ಮನಿಯಲ್ಲಿ ಕೆಲವರು ಗುರುತಿಸಿದರು, ಬಹುಮಂದಿ ಗುರುತಿಸಲಿಲ್ಲ.

13. ಒಟ್ಟಿಗೆ ಕೂತು ಗಟ್ಟಿಯಾಗಿ ಓದಿ

ಪ್ರಕಟನೆಯ ಮೂರನೆಯ ವಚನ ಧನ್ಯರು ಎಂದು ಹೇಳುವುದು ಓದುವ ಒಬ್ಬನಿಗೆ, ಕೇಳುವ ಹಲವರಿಗೆ. ಅಕ್ಷರ ಬಾರದವರೂ ಕೂತು ಕೇಳಿದ ಪತ್ರ ಇದು. ಪೂರ್ತಿ 22 ಅಧ್ಯಾಯಗಳನ್ನು ಒಂದೇ ಸಂಜೆ ಓದಿ ಮುಗಿಸಬಹುದು. ನಡುವೆ ನಿಲ್ಲಿಸಿ ವಿವರಿಸಬೇಡಿ. ಹಾಡುಗಳು ಎಷ್ಟು ಸಲ ಬರುತ್ತವೆ ಎಂಬುದು ಆಗ ಕಿವಿಗೆ ಬೀಳುತ್ತದೆ.

ಹೋದ ಶ್ರಾವಣದ ಮಳೆಯಲ್ಲಿ ನಮ್ಮ ಗೃಹಕೂಟದಲ್ಲಿ ಹಾಗೆ ಓದಲು ಕೂತೆವು. ಕರೆಂಟ್ ಹೋಗಿತ್ತು. ಆಯಿ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದರು. ಎರಡನೆಯ ಅಧ್ಯಾಯದಲ್ಲಿ ಸ್ಮುರ್ನದ ಸಭೆಯ ಮಾತು ಬಂತು: ಬಡವರು, ಸೆರೆಮನೆ, ಹತ್ತು ದಿನ ಸಂಕಟ. ಏಳರಲ್ಲಿ ಬೈಗುಳ ತಿನ್ನದ ಎರಡೇ ಸಭೆಗಳಲ್ಲಿ ಅದೊಂದು. ಆಯಿ ಕೈ ಎತ್ತಿ ನಿಲ್ಲಿಸಿದರು.

“ಆ ಸ್ಮುರ್ನದ ಮಂದಿಗೆ ಮುಂದ ಏನಾತ್ರೀ ಮಾಸ್ತರ?”

ನಿಲ್ಲಿಸಬಾರದೆಂಬ ನಿಯಮ ನನ್ನದೇ. ಆದರೂ ಹೇಳಿದೆ. ಅಲ್ಲಿಯ ಸಭೆಯ ಹಿರಿಯ ಪೊಲಿಕಾರ್ಪ್‌ನನ್ನು 155ರ ಸುಮಾರಿಗೆ ಹಿಡಿದರು. ಕೈಸರನೇ ಕರ್ತ ಎನ್ನು, ಧೂಪ ಹಾಕು, ಬಿಟ್ಟುಬಿಡುತ್ತೇವೆ ಎಂದರು. 86 ವರ್ಷ ಕ್ರಿಸ್ತನ ಸೇವೆ ಮಾಡಿದ್ದೇನೆ, ಆತ ನನಗೆ ಯಾವ ಕೇಡನ್ನೂ ಮಾಡಲಿಲ್ಲ ಎಂದು ಮುದುಕ ಒಪ್ಪಲಿಲ್ಲ. ಸುಟ್ಟರು. ಊರು ಇದೆ, ಈಗ ಇಜ್ಮಿರ್ ಎನ್ನುತ್ತಾರೆ.

ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ತಮ್ಮ ಬಲಗೈ ಬೆರಳುಗಳನ್ನು ಎಡಗೈಯಲ್ಲಿ ಹಿಡಿದುಕೊಂಡು ಮೆಲ್ಲಗೆ ತಿಕ್ಕಿದರು.

“ಮುಂದ ಓದ್ರಿ” ಎಂದರು.